ಪಳ್ಳತ್ತಡ್ಕ ಪಳತಡ ಆದದ್ದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಸಣ್ಣ ಡಿಟಿಪಿ ಅಂಗಡಿಯಲ್ಲಿ ನನಗೆ ಹನ್ನೊಂದು ವರ್ಷ ಆಯ್ತು. ಕಾಗುಣಿತ ತಪ್ಪುವುದಿಲ್ಲ ಅಂತ ಒಂದು ಹೆಸರು ಉಂಟು. ಹೋದ ವರ್ಷ ಮರ್ಯಾದೆ ತೆಗೆದದ್ದೂ ಅದೇ ಹೆಸರು.

ಒಂದು ಸೊಸೈಟಿಯ ಮಹಾಸಭೆಯ ನೋಟೀಸು. ಎಡಕ್ಕೆ ಮಲಯಾಳ, ಬಲಕ್ಕೆ ಕನ್ನಡ, ಕೆಳಗೆ ಊರುವಾರು ಟೇಬಲ್. ಮಲಯಾಳದ ಫೈಲ್ ಅವರೇ ಕಳಿಸಿದ್ದರು. ನಾನು ಕನ್ನಡ ತುಂಬಿಸಿದೆ, ಪ್ರೂಫ್ ತೆಗೆದೆ, ಸೆಕ್ರೆಟರಿ ಸಹಿ ಹಾಕಿದರು. ಇಲ್ಲಿಯವರೆಗೆ ಎಲ್ಲ ಸರಿ.

ಮರುದಿನ ಫೋನು. "ಎರಡು ಹಾಳೆ ಯಾಕೆ? ಒಂದರಲ್ಲೇ ಮುಗಿಸಿ."

ಮುಗಿಸಿದೆ. 12 ಪಾಯಿಂಟ್ ಇದ್ದದ್ದನ್ನು ಒಂಬತ್ತೂವರೆಗೆ ಇಳಿಸಿದೆ. ಸಣ್ಣದಾಯಿತು ಅನ್ನಿಸಿ ಎಲ್ಲವನ್ನೂ ಬೋಲ್ಡ್ ಮಾಡಿದೆ. ಎರಡೂ ಬದಿಯ ಅಂಚು ಸಮವಾಗಿ ನೀಟಾಗಿ ಕಾಣಲಿ ಅಂತ ಜಸ್ಟಿಫೈ. ಆದರೂ ನಾಲ್ಕು ಸಾಲು ಆಚೆ ಹೋಗುತ್ತಿತ್ತು. ಆಗ ಟೇಬಲ್ ಪೂರ್ತಿ ಸೆಲೆಕ್ಟ್ ಮಾಡಿ ರೋ ಹೈಟ್‌ಗೆ 'ಎಕ್ಸಾಕ್ಟ್ಲಿ' ಕೊಟ್ಟೆ, ಅಂದರೆ ಟೇಬಲಿನ ಪ್ರತಿ ಸಾಲು ಇಷ್ಟೇ ಎತ್ತರ, ಹಿಗ್ಗಲಿಕ್ಕಿಲ್ಲ. ಟಪ್ ಅಂತ ಒಂದು ಹಾಳೆಯೊಳಗೆ ಕೂತಿತು. ಖುಷಿಯಾಯಿತು ನೋಡಿ. ಎರಡನೇ ಪ್ರೂಫ್ ತೆಗೆಯಲಿಲ್ಲ. ಅಕ್ಷರ ಒಂದೂ ಮುಟ್ಟಿಲ್ಲ, ಇನ್ನೆಂತ ಪ್ರೂಫ್ ಅಂದುಕೊಂಡೆ. ಅಚ್ಚಿನ ಮಾಸ್ಟರ್ ಕಟ್ ಮಾಡಿ ರಿಸೋ ಪ್ರಿಂಟಿಂಗ್ ಮೆಷೀನಿನಲ್ಲಿ 600 ಪ್ರತಿ ಹೊಡೆದು ಕೊಟ್ಟೆ.

ಮೂರನೇ ದಿನ ಸಂಜೆ ಮಾಷ್ಟ್ರು ಬಂದರು. ರಿಟೈರ್ಡ್ ಕನ್ನಡ ಮಾಷ್ಟ್ರು, ಸೊಸೈಟಿಯ ಹಳೇ ಮೆಂಬರು. ಅಂಗಡಿಯಲ್ಲಿ ಜೆರಾಕ್ಸಿಗೆ ನಾಲ್ಕೈದು ಜನ. ಅವರ ಎದುರೇ ನೋಟೀಸನ್ನು ಕೌಂಟರ್ ಮೇಲೆ ಹರವಿದರು.

"ಊರಿನ ಹೆಸರು ಬದಲಾಯಿಸ್ಲಿಕ್ಕೆ ಈಗ ನೀನೂ ಹೊರಟೆಯಾ?"

ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಕಾಸರಗೋಡಿನಲ್ಲಿ ಇದು ತಮಾಷೆಯ ಮಾತಲ್ಲ. ಮಲಯಾಳದಲ್ಲಿ ಕುಂಬಳೆ ಕುಂಬಳ ಆದದ್ದು, ಮಂಜೇಶ್ವರ ಮಂಜೇಶ್ವರಂ ಆದದ್ದು ಇಲ್ಲಿನವರ ಹೊಟ್ಟೆಯಲ್ಲಿ ಹಾಗೇ ಉಂಟು. ಜೆರಾಕ್ಸಿಗೆ ಬಂದವರೆಲ್ಲ ಕತ್ತು ಉದ್ದ ಮಾಡಿದರು.

ಮಾಷ್ಟ್ರು ಟೇಬಲಿನ ಮೇಲೆ ಬೆರಳಿಟ್ಟರು. "ಓದು."

"ಪಳ್ಳತ್ತಡ್ಕ," ಅಂದೆ.

"ನಿನಗೆ ಊರು ಗೊತ್ತು, ಅದಕ್ಕೆ ಓದಿದೆ. ಅಲ್ಲಿ ಇರುವುದನ್ನು ಓದು."

ಬಗ್ಗಿ ನೋಡಿದೆ. ಪ, ಳ, ತ, ಡ. ಅಷ್ಟೇ. ಒತ್ತುಗಳ ತಲೆ ಮಾತ್ರ ಸ್ವಲ್ಪ ಉಳಿದು ಟೇಬಲಿನ ಗೆರೆಗೆ ಅಂಟಿಕೊಂಡಿತ್ತು, ಶಾಯಿ ಹರಡಿದ ಹಾಗೆ. ಕೆಳಗೆ ಕಾರಡ್ಕ ಹೋಗಿ ಕಾರಡ, ಅದರ ಕೆಳಗೆ ಮುಳ್ಳೇರಿಯ ಹೋಗಿ ಮುಳೇರಿಯ, ಬದಿಯಡ್ಕ ಹೋಗಿ ಬದಿಯಡ. ನಾನು ಕೂತ ಊರಿನ ಹೆಸರನ್ನೇ ಕಡಿದಿದ್ದೆ! ಕಿವಿ ಬಿಸಿಯಾಯಿತು. "ಮಾಷ್ಟ್ರೆ, ಅದು ರೋ ಹೈಟು..." ಅಂತ ಶುರು ಮಾಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ನಿಂತರು. ಆ ಒಂದು ನಿಮಿಷ ಯಾರಿಗೂ ಬೇಡ.

ಪಕ್ಕದ ಮಲಯಾಳ ಕಾಲಂ ಮಾತ್ರ ಗುಂಡುಕಲ್ಲಿನ ಹಾಗಿತ್ತು. 1971ರಲ್ಲಿ ಅವರ ಲಿಪಿ ಸುಧಾರಣೆ ಆದ ಮೇಲೆ ಕೂಡಕ್ಷರ ಎಷ್ಟೋ ಬಿಡಿಯಾಗಿ ಅಕ್ಕಪಕ್ಕ ಬಂದವು. ಆ ಹೊಸ ಲಿಪಿಯ ಫಾಂಟಿಗೆ ಹೊಲಿದ ಅಂಗಿ ಆ ಟೇಬಲ್. ನಮ್ಮ ಒತ್ತು ಕೆಳಗೆ ನೇತಾಡುತ್ತದೆ, ಅದಕ್ಕೆ ಜಾಗ ಬೇಕು. ಒತ್ತು ಕಡಿದರೆ ಕತ್ತೆ ಕತೆ ಆಗುತ್ತದೆ, ಹಳ್ಳಿ ಹಳಿ ಆಗುತ್ತದೆ. ಕಾಗುಣಿತ ಸರಿ ಇದ್ದು ಎಂತ ಪ್ರಯೋಜನ? ಇಷ್ಟಾದರೂ ಕಂಪ್ಯೂಟರಿನ ವರ್ಡ್ ಸಾಫ್ಟ್‌ವೇರ್ ಒಂದು ಮಾತು ಹೇಳುವುದಿಲ್ಲ, ಸುಮ್ನೆ ಕಡಿದು ಹಾಕುತ್ತದೆ.

ಬೋಲ್ಡ್ ಇನ್ನೊಂದು ದೊಡ್ಡ ದಡ್ಡತನ. ಒಂಬತ್ತೂವರೆಯಲ್ಲಿ ಬೋಲ್ಡ್ ಮಾಡಿದರೆ ಅಕ್ಷರದ ಹೊಟ್ಟೆ ತುಂಬಿಹೋಗುತ್ತದೆ. ಥ ಯಾವುದು, ಧ ಯಾವುದು? ರಿಸೋ ಶಾಯಿಯಲ್ಲಿ ಕೇಳುವುದೇ ಬೇಡ. ಜಸ್ಟಿಫೈ ಮಾಡಿದ್ದಕ್ಕೆ ಸಪೂರ ಕಾಲಮಿನಲ್ಲಿ "ಅನುಮೋದಿಸಲಾಗುವುದು" ಒಂದೇ ಪದ ಅರ್ಧ ಸಾಲು ತಿಂದು, ಉಳಿದ ಎರಡು ಪದಗಳ ನಡುವೆ ಬಸ್ಸು ಹೋಗುವಷ್ಟು ಜಾಗ ಬಿಟ್ಟಿತ್ತು.

ರಾತ್ರಿಯೇ ಕೂತು ಪುನಃ ಮಾಡಿದೆ. ಅಕ್ಷರ 12, ಬೋಲ್ಡ್ ತಲೆಬರಹಕ್ಕೆ ಮಾತ್ರ, ಎಡಕ್ಕೆ ಸೇರಿಸಿ ಬಲ ಹಾಗೇ ಬಿಟ್ಟೆ, ಸಾಲಿನ ನಡುವೆ ಒಂದೂವರೆ. ರೋ ಹೈಟ್ 'ಅಟ್ ಲೀಸ್ಟ್', ಅಂದರೆ ಕಡಿಮೆ ಇಷ್ಟು, ಬೇಕಾದರೆ ಹಿಗ್ಗಲಿ. ಎರಡು ಪುಟ ಆಯಿತು. ಸೆಕ್ರೆಟರಿ ಗೊಣಗಿದರು. ಹಾಳೆಯ ಎರಡೂ ಬದಿ ಹೊಡೆಯುತ್ತೇನೆ, ಹಾಳೆ ಒಂದೇ ಅಂದೆ. ಇದನ್ನು ಮೊದಲ ಫೋನಿನಲ್ಲೇ ಹೇಳಬಹುದಿತ್ತು ಅಲ್ವಾ? ಹೊಳೆಯಲೇ ಇಲ್ಲ. ಕಾಗದದ ದುಡ್ಡು ಓನರ್ ನನ್ನ ಸಂಬಳದಲ್ಲಿ ಹಿಡಿದರು. ಎರಡು ಕಂತಿನಲ್ಲಿ, ದೊಡ್ಡ ಮನಸ್ಸು.

ಈಗ ಪ್ರೂಫ್ ನಾನು ಓದುವುದಿಲ್ಲ. ಜೆರಾಕ್ಸಿಗೆ ಬಂದ ಯಾರಾದರೂ ಹೊರಗಿನವರ ಕೈಗೆ ಕೊಟ್ಟು ಊರಿನ ಹೆಸರು ಓದಿಸುತ್ತೇನೆ.

ಹಂಚದೆ ಉಳಿದ ನಾನೂರು ಚಿಲ್ಲರೆ ಹಾಳೆಗಳನ್ನು ಓನರ್ ಅರ್ಧರ್ಧ ಕತ್ತರಿಸಿ ಬಿಲ್ಲಿಗೆ ಇಟ್ಟರು. ಮೊನ್ನೆ ಮಾಷ್ಟ್ರು ಆಧಾರ್ ಜೆರಾಕ್ಸ್ ಮಾಡಿಸಿದರು. ಅದರ ಮೇಲೆಯೇ ಲೆಕ್ಕ ಬರೆದು ಕೊಟ್ಟೆ. ತಿರುಗಿಸಿ ನೋಡಿದರು.

"ಪಳತಡದವರಿಗೆ ಡಿಸ್ಕೌಂಟ್ ಇಲ್ವಾ ಮಾರಾಯ?"