ಕೊನೆಯ ಸಾಲು ಬಿಟ್ಟುಹೋದ ದಿನ

ಲಾಕ್‌ಡೌನಿನ ಎರಡನೇ ತಿಂಗಳು. ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುವ ನನಗೆ ಮಲಗುವ ಕೋಣೆಯ ಮೂಲೆಯೇ ಆಫೀಸು, ಇಸ್ತ್ರಿ ಮೇಜೇ ಡೆಸ್ಕು. ಗೋಡೆಯಾಚೆ ಮಗಳ ಆನ್‌ಲೈನ್ ಕ್ಲಾಸು. ದಿನಕ್ಕೆ ಮೂರು ಸ್ಟೇಟಸ್ ಕಾಲ್. ಕೆಲಸ ಎಲ್ಲಿಗೆ ಬಂತು ಅಂತ ಮೂರು ಸಲ ಹೇಳುತ್ತಾ ಕೂತರೆ ಕೆಲಸ ಮಾಡುವುದು ಯಾವಾಗ?

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಅಂದಾಗ ಮನೆಯಿಂದ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ನಮ್ಮ ವಿಪಿಎನ್‌ಗೆ ಲೈಸೆನ್ಸ್ ಇದ್ದದ್ದು ಹತ್ತರಲ್ಲಿ ಒಬ್ಬರಿಗೆ ಸಾಲುವಷ್ಟು. ಆಮೇಲೆ ಎಲ್ಲರೂ ಮನೆ ಸೇರಿದರು. ಲೈಸೆನ್ಸ್ ಹೇಗೋ ಬಂತು, ಆಫೀಸಿನ ಇಂಟರ್ನೆಟ್ ಲಿಂಕ್ ಮಾತ್ರ ಅಷ್ಟೇ ಉಳಿಯಿತು. ನೆಟ್ ಮೇಲಿನ ಹೊರೆ ತಗ್ಗಿಸಲು ಆ ಮಾರ್ಚಿನಲ್ಲಿ ಯುರೋಪಿನಲ್ಲಿ ನೆಟ್‌ಫ್ಲಿಕ್ಸ್, ಯೂಟ್ಯೂಬ್ ಕೂಡ ವಿಡಿಯೊ ಗುಣಮಟ್ಟ ಇಳಿಸಿದ್ದವು. ನಮ್ಮಲ್ಲಿ ಮಾತ್ರ ಎಲ್ಲರೂ ಕ್ಯಾಮೆರಾ ಆನ್ ಇಡಬೇಕು ಅಂತ ಮೇಲಿನಿಂದ ಆರ್ಡರ್!

ಹಾಗಾಗಿ ಎರಡನೇ ವಿಪಿಎನ್ ಬಾಕ್ಸ್ ಬಂತು. ಅದಕ್ಕೆ ಆಫೀಸ್ ನೆಟ್‌ವರ್ಕಿನ ಬಾಗಿಲಲ್ಲಿರುವ ಎಡ್ಜ್ ರೂಟರಿನ ಎಸಿಎಲ್‌ನಲ್ಲಿ, ಅಂದರೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ಪಟ್ಟಿಯಲ್ಲಿ, ದಾರಿ ಬಿಡುವ ಪರ್ಮಿಟ್ ಬೇಕು, ಜೊತೆಗೆ ತಡೆಯುವ ಒಂದು ಡಿನೈ ಸೇರಿಸಬೇಕು. ಚೇಂಜ್ ಟಿಕೆಟ್ಟಿನಲ್ಲಿ, ಕೆಟ್ಟರೆ ಮೊದಲಿನಂತೆ ಮಾಡುವುದು ಹೇಗೆ ಅಂತ ಕೇಳುವ ರೋಲ್‌ಬ್ಯಾಕ್ ಖಾನೆಯಲ್ಲಿ ಎಂದಿನಂತೆ ‘ಹಳೆ ಕಾನ್ಫಿಗ್ ವಾಪಸ್ ಹಾಕುವುದು’ ಅಂತ ಪೇಸ್ಟ್ ಮಾಡಿದೆ. ರೂಟರಿಗೆ ತಲುಪಲಾಗದಿದ್ದರೆ ಹಾಕುವುದು ಹೇಗೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಇಂಥ ಬದಲಾವಣೆಗೆಂದೇ ಇಟ್ಟ ರಾತ್ರಿಯ ವಿಂಡೋವರೆಗೆ ಕಾಯಬೇಕಿತ್ತು. ನಾಲ್ಕು ಸಾಲು ತಾನೆ, ಮಧ್ಯಾಹ್ನವೇ ಮುಗಿಸಿಬಿಡೋಣ ಅನ್ನಿಸಿತು. ‘ರೀಲೋಡ್ ಇನ್ 10’ ಕೊಟ್ಟು ಶುರು ಮಾಡಿದ್ದರೆ, ಎಡವಟ್ಟಾದರೂ ಹತ್ತು ನಿಮಿಷಕ್ಕೆ ರೂಟರ್ ತಾನೇ ರೀಸ್ಟಾರ್ಟ್ ಆಗಿ, ಸೇವ್ ಮಾಡದ ಬದಲಾವಣೆ ಅಳಿಸಿಹೋಗುತ್ತಿತ್ತು. ಹೊಸಬರಿಗೆ ಇದನ್ನು ಹೇಳಿಕೊಡುವವನೇ ನಾನು.

ನೋಟ್‌ಪ್ಯಾಡಿನಿಂದ ಕಾಪಿ ಮಾಡುತ್ತಿದ್ದೆ. ಅಷ್ಟರಲ್ಲಿ, ‘ಅಪ್ಪಾ, ಮ್ಯೂಟ್ ತೆಗೆಯೋಕಾಗ್ತಿಲ್ಲ, ಮಿಸ್ ನನ್ನ ಹೆಸರು ಕರೀತಿದ್ದಾರೆ!’ ಗಡಿಬಿಡಿಯಲ್ಲಿ ಪೇಸ್ಟ್ ಮಾಡಿ ಓಡಿದೆ. ಮ್ಯೂಟ್ ತೆಗೆದು ವಾಪಸ್ ಬಂದರೆ ಆಫೀಸ್ ರೂಟರಿನ ಸೆಷನ್ ಅಲ್ಲಾಡುತ್ತಿಲ್ಲ.

ನನ್ನ ತಲೆಗೆ ಮೊದಲು ಬಂದದ್ದು ಮಗಳ ಕ್ಲಾಸು. ವೈಫೈ ಪೂರ್ತಿ ಅದೇ ತಿನ್ನುತ್ತಿದೆ ಅಂತ ಬೈದು, ಮನೆಯ ರೂಟರ್ ಆಫ್ ಮಾಡಿ ಆನ್ ಮಾಡಿದೆ. ಆಗಲಿಲ್ಲ. ಮತ್ತೆ ಮಾಡಿದೆ. ಅವಳು ಅಳತೊಡಗಿದಳು. ಫೋನ್ ಬಡಿದುಕೊಳ್ಳಲು ಶುರುವಾಯಿತು. ಒಬ್ಬರಾದ ಮೇಲೊಬ್ಬರು, ಎಲ್ಲರದ್ದೂ ಒಂದೇ ಮಾತು: ವಿಪಿಎನ್ ಹೋಗಿದೆ. ಇಷ್ಟಾದರೂ ಇಂಟರ್ನೆಟ್ ಕೊಡುವ ಐಎಸ್‌ಪಿಯದ್ದೇ ತಪ್ಪಿರಬೇಕು ಅಂತ ಅವರಿಗೆ ಟಿಕೆಟ್ ಹಾಕಿದೆ. ಇಪ್ಪತ್ತು ನಿಮಿಷ ಹೀಗೇ ಹೋಯಿತು.

ಕೊನೆಗೆ ನೋಟ್‌ಪ್ಯಾಡ್ ನೋಡಿದೆ. ಡಿನೈ ಸಾಲಿಗೆ ಹಾಕಿದ ನಂಬರ್ ತಪ್ಪಿ, ಅದು ಪರ್ಮಿಟ್‌ಗಿಂತ ಮೇಲೆ ಹೋಗಿ ಕೂತಿತ್ತು. ರೂಟರ್ ಪಟ್ಟಿಯನ್ನು ಓದುವುದು ಮೇಲಿನಿಂದ. ನಾನೇ ಎಲ್ಲರನ್ನೂ ಹೊರಗೆ ಹಾಕಿ, ನಾನೂ ಹೊರಗೆ ನಿಂತಿದ್ದೆ. ಬೆವರು ಕಿತ್ತುಕೊಂಡಿತು. ನಾನು ಕಟ್ಟಕಡೆಗೆ, ಸೇವ್ ಮಾಡುವ ‘ರೈಟ್ ಮೆಮೊರಿ’ಯನ್ನೂ ಸೇರಿಸಿ ಒಟ್ಟಿಗೇ ಪೇಸ್ಟ್ ಮಾಡುವವನು. ಸೇವ್ ಆಗಿದ್ದರೆ ರೀಸ್ಟಾರ್ಟ್ ಮಾಡಿಯೂ ಪ್ರಯೋಜನವಿಲ್ಲ. ನೀಲಿ ಸೆಲೆಕ್ಷನ್ ಇನ್ನೂ ಹಾಗೇ ಇತ್ತು. ಒಂದು ಸಾಲು ಮೇಲಕ್ಕೇ ನಿಂತಿತ್ತು. ಮಗಳು ಕೂಗಿದ್ದಕ್ಕೆ ಕೊನೆಯ ಸಾಲು ಬಿಟ್ಟುಹೋಗಿತ್ತು.

ಆಫೀಸಿನಲ್ಲಿದ್ದದ್ದು ಸೆಕ್ಯುರಿಟಿಯವರೊಬ್ಬರೇ. ಫೋನಿನಲ್ಲೇ ಅವರನ್ನು ಸರ್ವರ್ ರೂಮಿಗೆ ನಡೆಸಿದೆ.

‘ಎರಡನೇ ರ‍್ಯಾಕ್, ಮೇಲಿಂದ ಮೂರನೇ ಡಬ್ಬ. ಪವರ್ ವೈರ್ ಕೀಳಿ.’

‘ಎಲ್ಲಾ ವೈರೂ ಕರೀದೇ ಇದಾವಲ್ಲ ಸಾರ್.’

ಲೇಬಲ್ ಅಂಟಿಸುವ ಕೆಲಸವನ್ನು ಮೂರು ವರ್ಷದಿಂದ ಮುಂದೂಡಿದವನು ಯಾರು ಅಂತ ಹೇಳಬೇಕಾಗಿಲ್ಲ.

‘ಕಿತ್ತೆ ಸಾರ್. ಲೈಟ್ ಹೋಗ್ಲಿಲ್ಲ.’

ಬೇರೆ ಯಾವುದನ್ನೋ ಕಿತ್ತರು ಅಂತ ಎದೆ ಧಸಕ್ ಎಂದಿತು. ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು: ಆ ರೂಟರಿಗೆ ಎರಡು ಪವರ್ ಸಪ್ಲೈ. ಒಂದು ಹೋದರೂ ನಿಲ್ಲಬಾರದು ಅಂತ ಹಟ ಹಿಡಿದು ತರಿಸಿದ್ದೂ ನಾನೇ. ಎರಡನೆಯದನ್ನೂ ಕೀಳಿಸಿ, ಎರಡನ್ನೂ ವಾಪಸ್ ಹಾಕಿಸಿದೆ. ಬೂಟ್ ಆಗುವವರೆಗೆ ಉಗುರು ಕಚ್ಚುತ್ತಾ ಕೂತೆ. ಹಳೆ ಕಾನ್ಫಿಗ್‌ನಲ್ಲೇ ಎದ್ದಿತು.

ರೂಟ್ ಕಾಸ್ ರಿಪೋರ್ಟಿನಲ್ಲಿ ‘ಮಾನವ ದೋಷ’ ಅಂತ ಟಿಕ್ ಆಯಿತು. ನೆಟ್‌ವರ್ಕ್ ಹೋದರೂ ರೂಟರಿನ ಕನ್ಸೋಲಿಗೆ ತಲುಪಲು ಬೇರೆಯದೇ ದಾರಿ ಇರಲಿ, ಒಂದು 4ಜಿ ಮೋಡೆಮ್ ಕೊಡಿಸಿ ಅಂತ ಬರೆದದ್ದು ಬಜೆಟ್ ಇಲ್ಲ ಅಂತ ವಾಪಸ್ ಬಂತು.

ರಾತ್ರಿ ಮಗಳ ಹತ್ತಿರ ಸಾರಿ ಕೇಳಿದೆ.

‘ಮಿಸ್ ನನಗೆ ಆಬ್ಸೆಂಟ್ ಹಾಕಿದ್ರು. ನಿನ್ನ ಮಿಸ್ ಏನಂದ್ರು?’

‘ನಾಳೆಯಿಂದ ನಾಲ್ಕನೇ ಸ್ಟೇಟಸ್ ಕಾಲ್’ ಅಂದೆ.