ಉಳಿದ ಮಕ್ಕಳ ಲೆಕ್ಕ

ಎರಡನೇ ಭಾಗ ಮೊದಲನೇದರಷ್ಟು ಚೆನ್ನಾಗಿಲ್ಲ ಅಂತ ಅಕ್ಕನ ಮಗ ಶನಿವಾರವೇ ತೀರ್ಪು ಕೊಟ್ಟುಬಿಟ್ಟಿದ್ದ. ಇನ್ನೂ ನೋಡಿರಲಿಲ್ಲ. ಅವನ ಕ್ಲಾಸಿನವರು ಯಾರೋ ಹೇಳಿದ್ದರಂತೆ. ಈಗಿನ ಹುಡುಗರಿಗೆ ಸಿನಿಮಾಕ್ಕಿಂತ ಮೊದಲು ಅಭಿಪ್ರಾಯ ಬಂದಿರುತ್ತದೆ. ನೋಡಿ ಆಮೇಲೆ ಮಾತಾಡು ಅಂತ ನಾನೇ ಪಟ್ಟು ಹಿಡಿದು ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ಯ ಮೊದಲ ಭಾಗ ಆವತ್ತು, ಎರಡನೇದು ಭಾನುವಾರ ಅಂತ ನಿಗದಿ ಮಾಡಿದೆ. ಭಾವನನ್ನು ಯಾರೂ ಕರೆದಿರಲಿಲ್ಲ. ಅವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಉತ್ತರಪತ್ರಿಕೆ ಹರವಿಕೊಂಡು ಹಾಲ್‌ನಲ್ಲಿ ಕೂತಿದ್ದರು, ಟೀವಿ ಇರುವುದೂ ಅಲ್ಲೇ.

ಮೊದಲನೇದರ ಬಗ್ಗೆ ಮನೆಯಲ್ಲಿ ತಕರಾರು ಇರಲಿಲ್ಲ. 2014ರಲ್ಲಿ ಅದು ಬಂದಾಗ ಕಾಮಿಕ್ಸ್ ಓದುವವರನ್ನು ಬಿಟ್ಟರೆ ಆ ಐದು ಜನರ ಹೆಸರು ಯಾರಿಗೆ ಗೊತ್ತಿತ್ತು? ಬಂದೂಕು ಹಿಡಿದ ರಕೂನು ರಾಕೆಟ್, ಮೂರೇ ಪದ ಆಡುವ ಮರ ಗ್ರೂಟ್. ಕಥೆ ಬಾಯಲ್ಲಿ ಹೇಳಿದರೆ ನಗೆಪಾಟಲು. ಆದರೆ ನಿರ್ದೇಶಕ ಜೇಮ್ಸ್ ಗನ್ ಅದನ್ನು ಶುರುಮಾಡುವುದು 1988ರ ಒಂದು ಆಸ್ಪತ್ರೆಯಿಂದ. ಸಾಯುತ್ತಿರುವ ತಾಯಿ ಕೈ ಚಾಚುತ್ತಾಳೆ, ಮುಂದೆ ಆ ತಂಡದ ನಾಯಕನಾಗುವ ಹುಡುಗ ಕ್ವಿಲ್ ಹೆದರಿ ಮುಖ ತಿರುಗಿಸುತ್ತಾನೆ. ಕೊನೆಯಲ್ಲಿ ತಂಡದ ಗಮೋರಾ ಕೈ ಚಾಚಿದಾಗ ಅವನಿಗೆ ಕಾಣುವುದು ಅಮ್ಮ, ಈ ಸಲ ಹಿಡಿಯುತ್ತಾನೆ. ನಡುವೆ ಎರಡು ಗಂಟೆ ಎಷ್ಟು ಕುಣಿದರೂ ಆ ಎಳೆ ಸಡಿಲವಾಗುವುದಿಲ್ಲ. ರೋನನ್ ಅನ್ನೋ ಖಳ ಮಾತ್ರ ಸಪ್ಪೆ. ಗುಡುಗುತ್ತಾನೆ, ಅಷ್ಟೇ.

2017ರ ಎರಡನೇ ಭಾಗಕ್ಕೆ ನಾವು ಬಂದೇ ಬರುತ್ತೇವೆ ಅಂತ ಮೊದಲೇ ಗೊತ್ತು. ಆರಂಭದಲ್ಲೇ ದೊಡ್ಡವರೆಲ್ಲ ಹಿಂದೆ ರಾಕ್ಷಸನ ಜೊತೆ ಹೊಡೆದಾಡುತ್ತಿದ್ದರೆ ಪುಟಾಣಿ ಗ್ರೂಟ್ ಮುಂದೆ ಡ್ಯಾನ್ಸ್ ಮಾಡುತ್ತಿರುತ್ತಾನೆ. ಚೆನ್ನಾಗಿದೆ. ಆಮೇಲೆ ತಂಡ ಎರಡು ಹೋಳು. ಅರ್ಧ ಜನ ಕ್ವಿಲ್‌ನ ಹೆತ್ತಪ್ಪ ಈಗೋನ ಗ್ರಹದಲ್ಲಿ ತೋಟ ಸುತ್ತುತ್ತಾರೆ, ಉಳಿದವರು ಕ್ವಿಲ್‌ನನ್ನು ಚಿಕ್ಕಂದಿನಲ್ಲಿ ಹೊತ್ತೊಯ್ದು ಸಾಕಿದ ಯಾಂಡುವಿನ ಹಡಗಿನಲ್ಲಿ ಸೆರೆ. ಟೇಸರ್‌ಫೇಸ್ ಅನ್ನುವವನ ಹೆಸರಿಟ್ಟುಕೊಂಡು ನಗಿಸುವುದು ಒಂದು ಸಲಕ್ಕೆ ಸಾಕಿತ್ತು, ಇವರು ಎಳೆದೂ ಎಳೆದೂ ಇಡುತ್ತಾರೆ. ಹುಡುಗ ಅಲ್ಲಿ ಫೋನ್ ಕೈಗೆತ್ತಿಕೊಂಡ. "ಹೇಳಿರ್ಲಿಲ್ವಾ ಚಿಕ್ಕಮ್ಮ?"

ಈಗೋನ ಮಾತು ಬಂದ ಮೇಲೆ ಫೋನ್ ಕೆಳಗಿಟ್ಟ. ಕರ್ಟ್ ರಸೆಲ್ ಅದನ್ನು ಎಷ್ಟು ಸಲೀಸಾಗಿ ಹೇಳುತ್ತಾನೆ ಅಂದರೆ ಒಂದು ಕ್ಷಣ ನಮಗೇ ಅರ್ಥವಾಗುವುದಿಲ್ಲ. ನಿನ್ನಮ್ಮನ ತಲೆಯಲ್ಲಿ ಆ ಗಡ್ಡೆ ಇಟ್ಟವನು ನಾನೇ, ಇಡುವಾಗ ಮನಸ್ಸಿಗೆ ಬಹಳ ನೋವಾಯಿತು, ಅಂತ. ಇಷ್ಟು ಹೊತ್ತೂ ಅಪ್ಪ ಸಿಕ್ಕಿದ ಅಂತ ಅವನ ಜೊತೆ ಬೆಳಕಿನ ಚೆಂಡು ಎಸೆದು ಆಡಿದ್ದ ಕ್ವಿಲ್ ಏನೂ ಕೇಳುವುದಿಲ್ಲ, ಪಿಸ್ತೂಲು ತೆಗೆದು ಹಾರಿಸಿಬಿಡುತ್ತಾನೆ. ಆ ಒಂದು ಮಾತಿನಿಂದ ಮೊದಲ ಭಾಗದ ಆಸ್ಪತ್ರೆಯ ದೃಶ್ಯವೇ ಬೇರೆಯಾಗಿಬಿಟ್ಟಿತು. ಮುಂದಿನ ಭಾಗ ಅಂತ ತೆಗೆದರೆ ಹೀಗೆ ತೆಗೆಯಬೇಕು. ನಾವು ನೋಡಿ ಮುಗಿಸಿದ್ದೇವೆ ಅಂದುಕೊಂಡದ್ದನ್ನು ಮತ್ತೆ ನೋಡುವ ಹಾಗೆ ಮಾಡಬೇಕು.

ಇನ್ನು ಯಾಂಡು. ಮೊದಲ ಭಾಗದಲ್ಲಿ ಆ ನೀಲಿ ಮನುಷ್ಯ ಬರೀ ತಮಾಷೆ. ನನ್ನ ಹುಡುಗರು ನಿನ್ನನ್ನು ತಿನ್ನಬೇಕು ಅಂತಿದ್ದರು, ನಾನೇ ತಡೆದೆ ಅಂತ ಕ್ವಿಲ್‌ಗೆ ಹಂಗಿಸುತ್ತಿರುತ್ತಾನೆ. ಎರಡನೇದರಲ್ಲಿ ಗ್ರಹ ಸಿಡಿಯುವಾಗ ಕ್ವಿಲ್‌ನನ್ನು ಎತ್ತಿಕೊಂಡು ಆಕಾಶಕ್ಕೆ ಹಾರುತ್ತಾನೆ, ಇರುವ ಒಂದೇ ಕವಚವನ್ನು ಅವನ ಮೈಗೆ ಅಂಟಿಸುತ್ತಾನೆ. ಆ ನೀಲಿ ಮುಖದ ಮೇಲೆ ಹಿಮ ಕಟ್ಟುವುದು ಹತ್ತಿರದಿಂದ ಕಾಣುತ್ತದೆ. ನಾನು ಅಲ್ಲಿ ಪ್ರತಿ ಸಲವೂ ಅಳುತ್ತೇನೆ, ಈ ಸಲವೂ ಅತ್ತೆ. ಅವನನ್ನು ಹೊರಗೆ ಹಾಕಿದ್ದ ಹಳೆಯ ಬಳಗ ಹಡಗು ಕಟ್ಟಿಕೊಂಡು ಬಂದು ಆಕಾಶದ ತುಂಬ ಬಣ್ಣ ಸಿಡಿಸುತ್ತದೆ.

ಆಗ ಭಾವ, ಕೆಂಪು ಪೆನ್ನಿನ ಮುಚ್ಚಳ ಹಾಕುತ್ತಾ: "ಅಷ್ಟು ಮಕ್ಕಳನ್ನ ಕರ್ಕೊಂಡೋಗಿ ಒಪ್ಪಿಸಿದಾನೆ. ಒಬ್ಬನ್ನ ಉಳಿಸ್ಕೊಂಡ. ಅದಕ್ಕೆ ಇಷ್ಟೊಂದು ಪಟಾಕಿನಾ?"

"ಸುಮ್ನಿರಪ್ಪಾ," ಅಂದ ಹುಡುಗ. ನನಗೂ ಮೈ ಉರಿಯಿತು. ಭಾವನ ಸ್ವಭಾವವೇ ಹಾಗೆ. ಮದುವೆ ಊಟ ಮುಗಿಸಿ ಎಲ್ಲರೂ ಹೋಳಿಗೆ ಹೊಗಳುತ್ತಿದ್ದರೆ ಇವರು ಸಾರಿಗೆ ಉಪ್ಪು ಒಂಚೂರು ಕಮ್ಮಿ ಅನ್ನುತ್ತಾರೆ. ಇಡೀ ಸಿನಿಮಾ ಪೇಪರ್ ತಿದ್ದುತ್ತಾ ಕೂತವರು, ನೋಡಿದ್ದೇ ಅಷ್ಟಿಷ್ಟು, ಅದು ಹೇಗೆ ಸರಿಯಾಗಿ ಅಲ್ಲಿಗೇ ಕೈ ಹಾಕಿದರೋ!

ಅಷ್ಟು ಮಕ್ಕಳು. ಒಬ್ಬ. ಪಟಾಕಿ. ಸೋಮವಾರ ಬಸ್ಸಿನಲ್ಲಿ ಅದೇ ಮಾತು, ಮಂಗಳವಾರ ಆಫೀಸಿನಲ್ಲೂ ಅದೇ. ನೆನಪಿಸಿಕೊಂಡರೆ, ಸಿನಿಮಾ ಇದನ್ನು ಮುಚ್ಚಿಟ್ಟೇ ಇಲ್ಲ. ಆ ಹಳೆಯ ಬಳಗದ ಮುಖಂಡ, ಸಿಲ್ವೆಸ್ಟರ್ ಸ್ಟಲೋನ್ ಮಾಡಿದ ಸ್ಟಾಕರ್, ಶುರುವಿನಲ್ಲೇ ಯಾಂಡುವಿನ ಮುಖಕ್ಕೆ ಹೇಳುತ್ತಾನೆ: ನೀನು ಮಕ್ಕಳನ್ನು ಸಾಗಿಸಿದೆ. ಏನಾಗುತ್ತಿತ್ತೋ ಗೊತ್ತಿರಲಿಲ್ಲ ಅಂತ ಇವನು. ಗೊತ್ತುಮಾಡಿಕೊಳ್ಳಲು ನಿನಗೆ ಇಷ್ಟವಿರಲಿಲ್ಲ, ದುಡ್ಡು ಬರುತ್ತಿತ್ತಲ್ಲ ಅಂತ ಅವನು. ಆಮೇಲೆ ಗಮೋರಾ, ಅವಳ ತಂಗಿ ನೆಬ್ಯುಲಾ ಈಗೋನ ಗ್ರಹದ ಗುಹೆಯೊಳಗೆ ಮೂಳೆಗಳ ರಾಶಿ ನೋಡುತ್ತಾರೆ. ಅವೆಲ್ಲ ಯಾಂಡು ತಂದು ಒಪ್ಪಿಸಿದ, ಈಗೋ ಕೊಂದ ಅವನದೇ ಮಕ್ಕಳದು. ಕ್ಯಾಮೆರಾ ಅಲ್ಲಿ ಸ್ವಲ್ಪ ಹೊತ್ತು ನಿಂತು ಮುಂದಕ್ಕೆ ಹೋಗುತ್ತದೆ. ಒಬ್ಬರಿಗೂ ಹೆಸರಿಲ್ಲ.

ನಮ್ಮ ಕಡೆಯ ಒಬ್ಬ ಹಿರಿಯರ ತಿಥಿ ನೆನಪಾಯಿತು. ತಂದೆಯಿಲ್ಲದ ಅಣ್ಣನ ಮಗನನ್ನು ಸಾಕಿ ಓದಿಸಿದವರು. ಆ ಹುಡುಗ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಬಂದವರೆಲ್ಲ ದೇವರಂಥ ಮನುಷ್ಯ ಅನ್ನುತ್ತಿದ್ದರು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಭಾವ ಮೆಲ್ಲಗೆ, "ಓದಿಸಿದ್ದು ನಿಜ. ತಂಗಿಯರ ಪಾಲಿನ ಗದ್ದೆ?" ಅಂದರು. ಅಕ್ಕ ತೊಡೆ ಚಿವುಟಿದಳು. ಆ ತಂಗಿಯರಿಬ್ಬರೂ ಆವತ್ತು ಅಡುಗೆಮನೆಯಲ್ಲಿ ಎಲೆ ಒರೆಸುತ್ತಿದ್ದರು.

ಕ್ವಿಲ್ ಅಳಲಿ. ಹುಟ್ಟಿಸಿದವನು ಕೊಲ್ಲಲು ಬಂದ, ಹೊತ್ತುಕೊಂಡು ಹೋದವನು ಬದುಕಿಸಿದ. ಅವನ ದುಃಖಕ್ಕೆ ಯಾರ ಅಪ್ಪಣೆಯೂ ಬೇಡ. ಆ ಅಣ್ಣನ ಮಗ ಅತ್ತದ್ದೂ ಸರಿಯೇ. ಆದರೆ ಸ್ಟಾಕರ್ ಬಂದು ಬಣ್ಣ ಸಿಡಿಸುವುದು ಬೇರೆ ವಿಷಯ. ಅದು ಬಳಗದ ತೀರ್ಪು. ಯಾಂಡು ಮಾಡಿದ್ದನ್ನು ರಾಕೆಟ್ ಹೇಳಿಕಳಿಸಿದ, ಅವರು ಬಂದರು, ಕೇಸು ವಜಾ. ಹಾಡೂ ಬೆಳಕೂ ಎಷ್ಟು ಚಂದ ಅಂದರೆ ಮಗನ ಅಳುವೂ ಊರಿನ ಕ್ಷಮೆಯೂ ಒಂದೇ ಅನ್ನಿಸಿಬಿಡುತ್ತದೆ. ಜೇಮ್ಸ್ ಗನ್‌ಗೆ ಇದು ಕೈಬಂದ ವಿದ್ಯೆ. ನಾನು ಅದಕ್ಕೇ ಅಳುವುದು, ಭಾವ ಅದಕ್ಕೇ ಅಳದೆ ಕೂತದ್ದು.

ಬುಧವಾರ ರಾತ್ರಿ ಹುಡುಗನಿಗೆ ಫೋನ್ ಮಾಡಿ ತೀರ್ಪು ಕೇಳಿದೆ. ಮೊದಲನೇದೇ ಮೇಲು ಅಂದ, ಬೋರ್ ಆಗಲ್ಲ ಅಂತ ಕಾರಣವನ್ನೂ ಕೊಟ್ಟ. ಓಟಕ್ಕೆ, ಬಿಗಿಗೆ ಅಂಕ ಕೊಡುವುದಾದರೆ ನಾನೂ ಒಪ್ಪುತ್ತೇನೆ. ಆದರೆ ಮೊದಲನೇದು ನೋಡಿ ಶನಿವಾರ ರಾತ್ರಿ ಎಲ್ಲರೂ ನಗುತ್ತಾ ಉಂಡು ಮಲಗಿದ್ದೆವು. ಎರಡನೇದು ಬುಧವಾರದವರೆಗೂ ಬಿಟ್ಟಿಲ್ಲ. ಅದಕ್ಕೂ ಒಂದಿಷ್ಟು ಅಂಕ ಬೇಡವೇ?

ಮೂರನೇ ಭಾಗ, 2023ರದ್ದು, ಅವರಿಗೆ ಇನ್ನೂ ತೋರಿಸಿಲ್ಲ. ಅದರ ಕೊನೆಯ ಭಾಗದಲ್ಲಿ ಹಡಗೊಂದರ ಪಂಜರದೊಳಗೆ ಮಕ್ಕಳಿರುತ್ತಾರೆ. ತಂಡದ ಡ್ರ್ಯಾಕ್ಸ್ ಅವರ ಭಾಷೆಯಲ್ಲೇ ಮಾತಾಡಿ ನಗಿಸುತ್ತಾನೆ, ತಂಡದವರು ತಮ್ಮ ಜೀವದ ಹಂಗು ಬಿಟ್ಟು ಅವರನ್ನು ಹೊರಗೆ ತರುತ್ತಾರೆ. ಆ ಗುಹೆಯ ಮೂಳೆಗಳು ನಿರ್ದೇಶಕನನ್ನೂ ಕಾಡಿರಬೇಕು ಅಂತ ನನ್ನ ಗುಮಾನಿ. ಭಾವನಿಗೆ ಇದನ್ನು ಹೇಳಿದರೆ, ಈಗ ಬಂದ ಮಕ್ಕಳು ಬೇರೆ, ಆಗ ಹೋದವರು ಬೇರೆ, ಅದನ್ನ ಇದಕ್ಕೆ ಜಮಾ ಮಾಡಬೇಡ ಅಂತಾರೆ. ಆದರೂ ಮುಂದಿನ ಭಾನುವಾರ ಹಾಕುತ್ತೇನೆ, ಉತ್ತರಪತ್ರಿಕೆ ಒಳಗಿಡಿಸಿ.