ಮೂರು ಕಿಲೋ ಮೆಣಸಿನಕಾಯಿಗೆ ಬ್ಯಾಡಗಿ ತನಕ

ನಮ್ಮ ಮನೆ ಇರುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಜನತಾ ಬಜಾರ್ ಹತ್ತಿರ, ದುರ್ಗದಬೈಲ್ ಹತ್ತಿರ. ಮೆಣಸಿನಕಾಯಿ ತರಲು ಊರೂರು ತಿರುಗುತ್ತೀಯ ಅಂತ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಜನವರಿ ಮೊದಲ ವಾರ ಅವ್ವ ಕೆಂಪು ಚಟ್ನಿ ಅರೆಯೋಣ ಅಂತ ಒಣಮೆಣಸಿನಕಾಯಿ ತಣ್ಣೀರಿಗೆ ಹಾಕಿದಳು. ಎರಡು ನಿಮಿಷಕ್ಕೆ ಪಾತೇಲಿ ತುಂಬ ಕೆಂಪು. ಕುಂಕುಮ ಕದಡಿದ ಹಾಗೆ.

"ಏನಪಾ, ಓಕಳಿ ಆಡಾಕ ತಂದಿಯೇನು?" ಅಂದಳು.

ಅಂಗಡಿಯವನು "ಅಸಲಿ ಬ್ಯಾಡಗಿ ರೀ, ಡಬ್ಬಿ ಮಾಲು" ಅಂತ ಆಣೆ ಮಾಡುವುದೊಂದು ಬಾಕಿ ಇಟ್ಟು ಕೊಟ್ಟಿದ್ದ. ಡಬ್ಬಿ ಅಂದರೆ ಬ್ಯಾಡಗಿಯಲ್ಲೇ ಗಿಡ್ಡ, ದಪ್ಪ ಕಾಯಿ. ಮೆಣಸಿನಕಾಯಿಯ ಕೆಂಪು ಬಣ್ಣ ಬಿಡುವುದು ಎಣ್ಣೆಗೆ. ತಣ್ಣೀರಿಗೆ ಹಾಗೆ ಎರಡು ನಿಮಿಷದಲ್ಲಿ ಬಿಡುವುದಿಲ್ಲ. ನೀರು ಓಕುಳಿ ಆಯಿತು ಅಂದರೆ ಮೇಲೆ ಬಣ್ಣ ಸವರಿದ್ದಾರೆ ಅಂತಲೇ ಅರ್ಥ. ನೀವೂ ಮನೆಯಲ್ಲಿರುವ ನಾಲ್ಕು ಕಾಯಿ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ ನೋಡಿ.

ಅದೇ ಹೊತ್ತಿಗೆ ಪುಣೆಯಿಂದ ಅಕ್ಕ ಸಂಕ್ರಾಂತಿಗೆ ಬಂದಳು. ಕೈಯಲ್ಲಿ ಒಂದು ಚೀಟಿ. ಡಬ್ಬಿ ಮೆಣಸಿನಕಾಯಿ, ಗುರೆಳ್ಳು, ಜವೆ ಗೋಧಿ ರವೆ, ಸಾವಿ (ಸಾಮೆ) ಅಕ್ಕಿ, ಹಕ್ಕರಕಿ ಸೊಪ್ಪು, ಸೀತನಿ ಅಂದರೆ ಸುಟ್ಟ ಎಳೆ ಜೋಳ. "ನಿಮ್ಮೂರಾಗ ಎಲ್ಲಾ ಸಿಗತಾವಲ್ಲ, ನಿಮಗೇನಪಾ ಆರಾಮ" ಅಂದಳು. ಆ ಮಾತಿಗೆ ಹೊರಟವರು ನಾವಿಬ್ಬರು.

ಮೊದಲು ಬ್ಯಾಡಗಿ. ಸೋಮವಾರ, ಗುರುವಾರ ಅಲ್ಲಿ ಮಾರುಕಟ್ಟೆ ದಿನ ಅಂತ ಎಲ್ಲರೂ ಹೇಳುತ್ತಾರೆ, ಹಾಗಾಗಿ ಸೋಮವಾರವೇ ಹೋದೆವು. ತಪ್ಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಬಸ್ಸಿನ ಕತೆ ಕೇಳಿ.

ಹುಬ್ಬಳ್ಳಿಯಲ್ಲಿ ಒಂದು ಖಾಸಗಿ ಬಸ್ಸಿನವನು "ಬ್ಯಾಡಗಿ ಬ್ಯಾಡಗಿ" ಅಂತ ಕೂಗುತ್ತಿದ್ದ. ಸರ್ಕಾರಿ ಬಸ್ಸಿಗೆ ಇನ್ನೂ ಹೊತ್ತಿತ್ತು, ಹತ್ತಿದೆವು. ನನ್ನ ಸೀಟಿನ ಬೆನ್ನು ಹಿಂದಕ್ಕೆ ವಾಲಿದರೆ ಮತ್ತೆ ಮುಂದಕ್ಕೆ ಬರುತ್ತಿರಲಿಲ್ಲ, ಹಿಂದಿನ ಅಜ್ಜ ಪ್ರತಿ ಸಲ ಮೊಣಕಾಲಿನಿಂದ ದೂಡಿ ಸರಿಮಾಡುತ್ತಿದ್ದ. ಶಿಗ್ಗಾಂವಿಯಲ್ಲಿ ಇಪ್ಪತ್ತು ನಿಮಿಷ, ಬಂಕಾಪುರದಲ್ಲಿ ಹತ್ತು ನಿಮಿಷ, ಹಾವೇರಿಯಲ್ಲಿ ಡ್ರೈವರ್ ನಾಷ್ಟಾ ಮುಗಿಸುವ ತನಕ. ಕೊನೆಗೆ ಮೋಟೆಬೆನ್ನೂರು ಕ್ರಾಸಿನಲ್ಲಿ ನಿಲ್ಲಿಸಿ "ಬ್ಯಾಡಗಿ ಇಳೀರಿ" ಅಂದ. ಇದು ಬ್ಯಾಡಗಿ ಅಲ್ವಲ್ಲ ಅಂದರೆ, "ಇಲ್ಲಿಂದ ಒಳಗ ಹೋಗೋದ್ರಿ, ಬಸ್ಸು ದಾವಣಗೆರಿಗೆ" ಅಂದ. ಟಿಕೆಟ್ ಕೊಟ್ಟಿದ್ದರೆ ತೋರಿಸಿ ಜಗಳ ಮಾಡಬಹುದಿತ್ತು. ಅದೂ ಕೊಟ್ಟಿರಲಿಲ್ಲ. ಕ್ರಾಸಿನಿಂದ ಆಟೋದವನು ಕೇಳಿದಷ್ಟು ಕೊಟ್ಟು ಹೋದೆವು. ಆದ್ದರಿಂದ ನೇರ ಬ್ಯಾಡಗಿಯ ಬೋರ್ಡ್ ಇರುವ ಬಸ್ಸನ್ನೇ ಹಿಡಿಯಿರಿ, ಅರ್ಧ ಗಂಟೆ ಕಾದರೂ ಪರವಾಗಿಲ್ಲ. ಇಲ್ಲವಾದರೆ ರೈಲು. ದಾವಣಗೆರೆ ಕಡೆಯ ದಾರಿಯಲ್ಲೇ ಬ್ಯಾಡಗಿ ನಿಲ್ದಾಣ ಬರುತ್ತದೆ, ಎಲ್ಲ ಗಾಡಿ ನಿಲ್ಲುವುದಿಲ್ಲ, ನೋಡಿಕೊಳ್ಳಿ.

ಮಾರುಕಟ್ಟೆ ಗೇಟಿನ ಹತ್ತಿರ ಹೋಗುವ ಮುಂಚೆಯೇ ಸೀನು ಶುರು. ಘಾಟು ಅಂದರೆ ಏನು ಅಂತ ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಕಣ್ಣು, ಮೂಗು, ಗಂಟಲು ಮೂರೂ ಒಟ್ಟಿಗೆ. ಚೀಲಗಳ ಗುಡ್ಡ, ಲಾರಿ, ಟ್ರ್ಯಾಕ್ಟರ್, ಹಮಾಲರು. ಅಕ್ಕನಿಗೆ ಇಂಥ ಗದ್ದಲ ಅಂದರೆ ಹಬ್ಬ, ಸೆರಗು ಮೂಗಿಗೆ ಕಟ್ಟಿಕೊಂಡು ನುಗ್ಗಿದಳು. ನಾನು ಹತ್ತು ನಿಮಿಷದಲ್ಲಿ ಹೊರಗೆ ಬಂದು ಕಬ್ಬಿನ ಹಾಲಿನ ಗಾಡಿ ಹತ್ತಿರ ನಿಂತೆ.

ಅಲ್ಲಿ ವ್ಯಾಪಾರ ನಡೆಯುವುದು ಟೆಂಡರಿನಲ್ಲಿ, ಲೆಕ್ಕ ಕ್ವಿಂಟಲಿನಲ್ಲಿ. ಮೂರು ಕಿಲೋ ಬೇಕು ಅಂದವರ ಮುಖವನ್ನು ಆ ದಿನ ಯಾರೂ ನೋಡುವುದಿಲ್ಲ. ಅಕ್ಕ ಅರ್ಧ ದಿನ ಸುತ್ತಿ ಬರಿಗೈಲಿ ಬಂದಳು. ಕೊನೆಗೆ ಒಂದು ದಲಾಲಿ ಅಂಗಡಿಯ ಹುಡುಗ, "ನಾಳೆ ಬರ್ರಿ ಅಕ್ಕಾರ, ಇವತ್ತು ತೂಕದ್ದ ಗದ್ಲ ಐತಿ" ಅಂದ. ರಾತ್ರಿ ಉಳಿಯಬೇಕಾಯಿತು. ರೂಮಿನ ಬಗ್ಗೆ ಏನೂ ಬರೆಯುವುದಿಲ್ಲ, ಹಾವೇರಿಗೆ ಹೋಗಿ ಉಳಿಯಿರಿ ಅಷ್ಟೇ.

ಮಂಗಳವಾರ ಅದೇ ಜಾಗ ಬೇರೆ ಊರಿನ ಹಾಗಿತ್ತು. ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅದೇ ಹುಡುಗ ಮೂರು ಗುಂಪು ತೋರಿಸಿದ. ಒಂದು ಡಬ್ಬಿ: ಗಿಡ್ಡ, ಹೊಟ್ಟೆ ದಪ್ಪ, ಬೀಜ ಜಾಸ್ತಿ. ಇನ್ನೊಂದು ಕಡ್ಡಿ: ಉದ್ದ, ತೆಳ್ಳಗೆ, ಮೈಯೆಲ್ಲ ಸುಕ್ಕು. ಮೂರನೆಯದು ನುಣ್ಣಗೆ ಹೊಳೆಯುತ್ತಿತ್ತು, ಫೋಟೋ ತೆಗೆದರೆ ಅದೇ ಚೆಂದ. "ಇದು ಹೈಬ್ರಿಡ್ಡು ರೀ, ಖಾರ. ನಿಮ್ಮ ಊರಾಗ ಬ್ಯಾಡಗಿ ಅಂತ ಇದನ್ನ ಕೊಡ್ತಾರ" ಅಂದ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಬ್ಯಾಡಗಿ ಮಾರುಕಟ್ಟೆಗೆ ಬಂದದ್ದೆಲ್ಲ ಬ್ಯಾಡಗಿ ಕಾಯಿ ಅಲ್ಲ. ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ತಳಿ ಬರುತ್ತದೆ. ಅಲ್ಲಿ ಕೊಂಡರೆ ಸಾಲದು, ನೋಡಿ ಕೊಳ್ಳಬೇಕು.

ಅವನು ಕಲಿಸಿದ್ದು ಇಷ್ಟು. ಕಾಯಿಯನ್ನು ಕಿವಿ ಹತ್ತಿರ ಅಲುಗಾಡಿಸಿ, ಬೀಜ ಗಲಗಲ ಅನ್ನಬೇಕು. ಅನ್ನಲಿಲ್ಲ ಅಂದರೆ ತೂಕ ಬರಲಿ ಅಂತ ನೀರು ಹೊಡೆದಿದ್ದಾರೆ, ಒಂದು ವಾರಕ್ಕೆ ಬೂಸ್ಟು ಹಿಡಿಯುತ್ತದೆ. ಹೋದ ವರ್ಷದ ಕೋಲ್ಡ್ ಸ್ಟೋರೇಜ್ ಮಾಲೋ ಹೊಸದೋ ಅಂತ ಬಾಯಿಬಿಟ್ಟು ಕೇಳಿ, ಕೇಳದಿದ್ದರೆ ಹಳೆಯದೇ ಬರುತ್ತದೆ. ಒಂದು ಕಾಯಿ ಮುರಿದು ಮೂಸಿ, ನಾಲಿಗೆಗೆ ಹಚ್ಚಿ. ಡಬ್ಬಿ ಬಾಯಿ ಉರಿಸುವುದಿಲ್ಲ, ಬಣ್ಣ ಮಾತ್ರ ಬೆರಳಿಗೆ ಅಂಟುತ್ತದೆ. ಇದರ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ ಅಂದಾಗ ಅಕ್ಕ ನಗಲೇ ಇಲ್ಲ, ಇನ್ನೊಂದು ಕಿಲೋ ಹಾಕಿಸಿಕೊಂಡಳು. ಹುಬ್ಬಳ್ಳಿಯ ಓಕುಳಿ ಮಾಲಿಗಿಂತ ಕಿಲೋಗೆ 40 ರೂಪಾಯಿ ಕಮ್ಮಿಯೇ ಬಿತ್ತು. ಬಸ್ಸು, ಆಟೋ, ರೂಮು ಸೇರಿಸಿದರೆ ಎಷ್ಟಾಯಿತು ಅಂತ ಅವ್ವನಿಗೆ ಇನ್ನೂ ಹೇಳಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಗದಗ. ಈ ಸಲ ಗೆಳೆಯನ ಕಾರು, ಯಾಕೆಂದರೆ ಸೀತನಿ ಬಸ್ಸಿನಲ್ಲಿ ಕೂತು ತಿನ್ನುವ ಪದಾರ್ಥ ಅಲ್ಲ. ಅಣ್ಣಿಗೇರಿ ದಾಟಿದ ಮೇಲೆ ರಸ್ತೆ ಬದಿ ಹೊಗೆ ಕಂಡಿತು. ಹೊಲದ ಅಂಚಿನಲ್ಲಿ ಕುಳ್ಳಿನ ಬೆಂಕಿ, ಅದರಲ್ಲಿ ಎಳೆ ಜೋಳದ ತೆನೆ. ಸುಟ್ಟ ತೆನೆಯನ್ನು ಗೋಣಿತಟ್ಟಿನ ಮೇಲೆ ಬಿಸಿಬಿಸಿ ತಿಕ್ಕಿ, ಮೊರದಲ್ಲಿ ಕೇರಿ, ಹಸಿರು ಕಾಳನ್ನು ಪೇಪರಿನಲ್ಲಿ ಸುರಿದು ಕೊಟ್ಟರು. ಪಕ್ಕಕ್ಕೆ ಬೆಲ್ಲ, ಶೇಂಗಾ ಹಿಂಡಿ (ಚಟ್ನಿಪುಡಿ). ಕಾಳು ಬಲಿಯುವ ಮುಂಚೆ ಕೆಲವೇ ದಿನ ಇದು ಸಿಗುತ್ತದೆ, ಜನವರಿ ದಾಟಿದರೆ ಕಷ್ಟ. ಪಾರ್ಸೆಲ್ ಕಟ್ಟಿಸಬೇಡಿ. ಮನೆಗೆ ತಂದದ್ದು ರಬ್ಬರ್ ಆಗಿತ್ತು.

ಗದಗದ ಕಿರಾಣಿ ಅಂಗಡಿಗಳಲ್ಲಿ ಒಂದು ಪಾಠ ಕಲಿತೆವು. ಹೆಸರು ಸರಿಯಾಗಿ ಕೇಳಬೇಕು. ಅಕ್ಕ ಪುಣೆಯ ಅಭ್ಯಾಸದಲ್ಲಿ "ಖಪ್ಲಿ ಗೋಧಿ" ಅಂದಳು. ಅಂಗಡಿಯವರು ಗಾಜಿನ ಕಪಾಟಿನಿಂದ ಹೊಳೆಯುವ ಪ್ಯಾಕೆಟ್ ತೆಗೆದರು, ದರ ನೋಡಿ ನಾನು ವಾಪಸ್ ಇಟ್ಟೆ. ಮುಂದಿನ ಅಂಗಡಿಯಲ್ಲಿ "ಜವೆ ಗೋಧಿ ರವೆ ಐತೇನ್ರಿ, ಹುಗ್ಗಿಗೆ?" ಅಂದೆ. ಹಿರಿಯರೊಬ್ಬರು ಒಳಗಿನಿಂದ ಚೀಲ ಎಳೆದು ತಂದರು. ಕೆಂಪು ಬಣ್ಣದ ರವೆ, ಪ್ಯಾಕೆಟ್ಟಿನ ಅರ್ಧ ದರ. ಎರಡೂ ಒಂದೇ ಗೋಧಿ! ಇದರ ಸಿಪ್ಪೆ ಸುಲಭಕ್ಕೆ ಬಿಡುವುದಿಲ್ಲ, ಒಕ್ಕಿದರೂ ಕಾಳಿಗೆ ಅಂಟಿಕೊಂಡೇ ಇರುತ್ತದೆ, ಕುಟ್ಟಿಸಬೇಕು. ಅದಕ್ಕೇ ಬೆಳೆಯುವವರು ಕಮ್ಮಿ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಅಂತ ಗಿಡ್ಡ ತಳಿ ಕೊಟ್ಟಿದೆ. ಬೀಜವೇ ಬೇಕಾದವರು ಅಲ್ಲಿ ವಿಚಾರಿಸಿ. ಗುರೆಳ್ಳಿನದ್ದೂ ಇದೇ ಕತೆ. ಹುಬ್ಬಳ್ಳಿಯ ಒಂದು ಸೂಪರ್ ಮಾರ್ಕೆಟ್ಟಿನ ಹುಡುಗಿ ಕರಿ ಎಳ್ಳು ತಂದುಕೊಟ್ಟಿದ್ದಳು. ಮೈಸೂರು ಕಡೆಯವರಾದರೆ ಹುಚ್ಚೆಳ್ಳು ಅನ್ನಿ, ಇಲ್ಲಿ ಗುರೆಳ್ಳು ಅನ್ನಿ.

ಊಟಕ್ಕೆ ಗದಗದಲ್ಲಿ ಒಂದು ಖಾನಾವಳಿ. ಬೋರ್ಡು ಅರ್ಧ ಅಳಿಸಿದೆ, ಆರು ಟೇಬಲ್ಲು, ಫ್ಯಾನು ಒಂದೇ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇತ್ತು, ಆ ಸದ್ದು ನಿಂತರೆ ಮಾಲಕಿ ಅಡುಗೆಮನೆ ಕಡೆ ತಿರುಗಿ ನೋಡುತ್ತಿದ್ದರು. ಬಿಸಿ ಜೋಳದ ರೊಟ್ಟಿ, ಮುಳಗಾಯಿ ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು. ಗುರೆಳ್ಳು ಹಿಂಡಿಯನ್ನು ಮೊಸರಿಗೆ ಕಲಸಿ ಎಣ್ಣೆ ಹನಿಸಿದರು. 80 ರೂಪಾಯಿ. ಎರಡನೇ ರೊಟ್ಟಿ ಬೇಡ ಅಂದರೆ ಮಾಲಕಿ ಬೇಜಾರು ಮಾಡಿಕೊಂಡರು, ಮೂರನೆಯದನ್ನು ಕೇಳದೆಯೇ ಹಾಕಿದರು. ಕೈ ತೊಳೆಯುವ ಹೊತ್ತಿಗೆ ಅಕ್ಕನ ಕಣ್ಣು ಕಟ್ಟೆಯ ಮೇಲಿನ ಭರಣಿಗೆ ಬಿತ್ತು. ಕರಿಂಡಿ! ಅಗಸಿ, ಹಸಿ ಮೆಣಸಿನಕಾಯಿ, ಸೌತೆಕಾಯಿ ಹಾಕಿ ಹುಳಿ ಬರಿಸಿದ್ದು. ಅದು ನಮ್ಮ ಚೀಟಿಯಲ್ಲೇ ಇರಲಿಲ್ಲ, ಎಲ್ಲೂ ಸಿಗುವುದಿಲ್ಲ ಅಂತ ಆಸೆ ಬಿಟ್ಟಿದ್ದೆವು. ಕೊಡ್ತೀರೇನ್ರಿ ಅಂದರೆ, "ಮಾರಾಕ ಮಾಡಿಲ್ಲವಾ. ಡಬ್ಬಿ ತಂದೀರೇನು?" ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ನೀವು ಹೋದರೆ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇರಲಿ. ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದ ನಮ್ಮದು ಕಾರಿನಲ್ಲೇ ಉಕ್ಕಿ, ಗೆಳೆಯ ಎರಡು ದಿನ ಮಾತು ಬಿಟ್ಟಿದ್ದ.

ಸಾವಿ ಅಕ್ಕಿ ಮಾತ್ರ ಬಾಕಿ ಉಳಿಯಿತು. ಅಂಗಡಿಯ ಸಾವಿ ಬೆಳ್ಳಗೆ ಪಾಲಿಶ್ ಆಗಿತ್ತು, ಅವ್ವ ಒಪ್ಪಲಿಲ್ಲ. ಕುಂದಗೋಳ ತಾಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಂಗಸರು ಸಿರಿಧಾನ್ಯದ ಬೀಜ ಬ್ಯಾಂಕು ನಡೆಸುತ್ತಾರೆ, ಧಾನ್ಯ ಹಸನು ಮಾಡುವ ಘಟಕವೂ ಇದೆ. 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದದ್ದು ಇವರಿಗೇ. ಮುಂದಿನ ಸಲ ಅಲ್ಲಿಗೆ.

ಹಕ್ಕರಕಿಗಾಗಿ ಅಣ್ಣಿಗೇರಿಯಲ್ಲಿ ಕೇಳಿದೆವು, ಗದಗದಲ್ಲಿ ಕೇಳಿದೆವು. "ಹೊಲದಾಗ ಐತ್ರಿ, ಕಿತ್ಕೊಂಡ ಹೋಗ್ರಿ" ಅಂದವರೇ ಎಲ್ಲ. ಸಿಕ್ಕಿದ್ದು ನಮ್ಮ ಜನತಾ ಬಜಾರಿನ ಹೊರಗೆ. ಅಕ್ಕ ಹೊರಡುವ ದಿನ ಬೆಳಿಗ್ಗೆ ಏಳಕ್ಕೆ ಹೋಗಿದ್ದೆ. ನಾನು ವರ್ಷಗಟ್ಟಲೆ ಕೊತ್ತಂಬರಿ ಒಯ್ಯುವ ಅಜ್ಜಿಯನ್ನೇ ಸುಮ್ನೆ ಕೇಳಿದೆ. ಅವಳು ಹಸಿ ಗೋಣಿತಟ್ಟು ಎತ್ತಿ, ಕೆಳಗಿನಿಂದ ಎರಡು ಹಿಡಿ ತೆಗೆದಳು.

"ಇಷ್ಟು ದಿನ ಯಾಕ ಮುಂದ ಇಟ್ಟಿಲ್ಲಬೇ ಯಮ್ಮಾ?"

"ಮುಂದ ಇಟ್ರ ಬಾಡತೈತಿ. ಇದೇನು ಹುಲ್ಲು ಅಂತ ಕೇಳಿ ಹೋಗ್ತಾರ. ಹೆಸರು ಹಿಡಿದು ಕೇಳಿದವ್ರಿಗೆ ಅಷ್ಟ ತೆಗಿತೀನಿ."

ಕರಿ ಮಣ್ಣು ಜಾಸ್ತಿ ಇರುತ್ತದೆ, ಮೂರು ನೀರಿನಲ್ಲಿ ತೊಳೆಯಿರಿ. ಬೇಯಿಸುವುದು ಬೇಡ, ಹಸಿದೇ ರೊಟ್ಟಿ ಜೊತೆ ಆ ದಿನವೇ ತಿಂದುಬಿಡಿ. ಅಕ್ಕ ಒಂದು ಹಿಡಿಯನ್ನು ಹಸಿ ಬಟ್ಟೆಯಲ್ಲಿ ಸುತ್ತಿ ಒಯ್ದಳು. ಬೆಳಗಾವಿ ದಾಟುವ ಮುಂಚೆ ಬಸ್ಸಿನಲ್ಲೇ ಮುಗಿಸಿದೆ ಅಂತ ಮೆಸೇಜು ಬಂತು.